ಅಜ್ಜಿಯ ಸೀರೆ ಉಟ್ಟ ಮಾವ

ಪಕ್ಕದ ಅಂಗಡಿಯಲ್ಲಿ ಬೂಸಾ ಮೂಟೆ ಬಿಚ್ಚಿದರೆ ಸಾಕು, ಅಡುಗೆಮನೆಯಲ್ಲಿ ನಿಂತಿದ್ದರೂ ಆ ವಾಸನೆಗೆ ನನಗೆ ಸಿಂಧಘಟ್ಟದ ಅಜ್ಜಿಮನೆಯ ಕೊಟ್ಟಿಗೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಜ್ಜಿ ಗಂಜಾಂ ದೇವಸ್ಥಾನಕ್ಕೆ ಹರಕೆ ತೀರಿಸಲು ಹೋಗಿ ಅಲ್ಲೇ ಉಳಿದುಬಿಟ್ಟಿದ್ದರು. ಗೌರಿ ಹಸುವೋ ಅಜ್ಜಿಯ ಕೈಗಲ್ಲದೆ ಬೇರೆ ಯಾರಿಗೂ ಹಾಲು ಬಿಡುತ್ತಿರಲಿಲ್ಲ. ಬೆಳಿಗ್ಗೆಯಿಂದ ಕೆಚ್ಚಲು ಬಿಗಿದುಕೊಂಡು ಒದ್ದಾಡುತ್ತಿತ್ತು. ಮಾವ ಎರಡು ಸಲ ಕರೆಯಲು ಕೂತು, ಎರಡು ಸಲವೂ ಒದೆ ತಿಂದು ಎದ್ದಿದ್ದರು.

"ನಿಮ್ಮವ್ವನ ಸೀರೆ ಉಟ್ಕಂಡು ಕುಂತ್ಕಳಿ. ಅದ್ಕೇನ್ ಗೊತ್ತಾದದು?" ಎಂದರು ಅತ್ತೆ.

ಮಾವ ಅಜ್ಜಿಯ ಹಸಿರು ಚೌಕಳಿ ಸೀರೆ ಸುತ್ತಿಕೊಂಡು, ಮೀಸೆ ಕಾಣದಂತೆ ಸೆರಗು ಹೊದ್ದು ಬಂದು ಕೂತರು. ಕಾನ್ವೆಂಟಿನಲ್ಲಿ ಹೊಸದಾಗಿ ಕಲಿತದ್ದನ್ನು ನಾನು ಆಗಲೇ ಕೇಳಬೇಕೆ?

"ಮಾವ, ಎಲ್ಲಾ ಪ್ರಾಣಿಗಳಿಗಿಂತ ಮನುಷ್ಯನೇ ಬುದ್ಧಿವಂತ ಅಂತ ಸಿಸ್ಟರ್ ಹೇಳಿದ್ರು. ಹೌದಾ?"

"ಮೆತ್ಗೆ ಮಾತಾಡವ್ವ, ಅದು ಕೇಳುಸ್ಕಂಡಾತು!" ಎಂದರು ಮಾವ ಸೆರಗಿನೊಳಗಿಂದ.

ಗೌರಿ ಕತ್ತು ತಿರುಗಿಸಿ ಸೀರೆಯನ್ನು ಮೂಸಿತು. ಒರಟು ನಾಲಿಗೆಯಿಂದ ನೆಕ್ಕುತ್ತಾ ಸೆರಗನ್ನು ಸರಿಸಿ, ಮಾವನ ಮೀಸೆಯನ್ನೇ ಬಹಳ ಹೊತ್ತು ನೋಡಿತು. ಮಾವ ಉಸಿರು ಬಿಗಿಹಿಡಿದರು. ಆಮೇಲೆ ಗೌರಿ ಮುಖ ಆಚೆ ತಿರುಗಿಸಿ ಮೆಲುಕು ಹಾಕತೊಡಗಿತು. ತಂಬಿಗೆಗೆ ಸರ್ರನೆ ಹಾಲು ಬಿತ್ತು.

"ನೋಡುದ್ರಾ, ಎಂಗ್ ಮೋಸ ಓಯ್ತು!" ಎಂದು ಅತ್ತೆ ನಕ್ಕರು.

"ಎಲ್ ಮೋಸ ಓಯ್ತು? ಗೊತ್ತಾಯ್ತು ಕಣಮ್ಮಿ ಅದ್ಕೆ," ಎಂದರು ಮಾವ, ತಲೆಯೆತ್ತದೆ. "ಪಾಪ ಅಂತ ಬುಡ್ತಾ ಅದೆ."