ಬಳಸಿ ಹೋದ ಗೆರೆ

ಕಾಡುಬೆಂಕಿಯ ಭಯಕ್ಕೆ ಪಂಚಾಯಿತಿಯವರು ಪ್ರತಿ ಬೇಸಿಗೆಯಲ್ಲೂ ಊರಿನೊಳಗೆ ಕೆಂಪು ಗೆರೆ ಎಳೆಯುತ್ತಾರೆ. ಗೆರೆಯೊಳಗಿನ ಮನೆಗಳಲ್ಲಿ ಮಳೆ ಬರುವವರೆಗೆ ಒಲೆ, ದೀಪ, ಊದುಬತ್ತಿ ಯಾವುದನ್ನೂ ಹಚ್ಚುವಂತಿಲ್ಲ. ಈ ಸಲ ನನ್ನ ಅಡುಗೆಮನೆ ಒಳಗೆ ಬಿದ್ದಿತ್ತು. ಪಂಚಾಯಿತಿ ಕಾರ್ಯದರ್ಶಿಗೆ ಗುಟ್ಟಾಗಿ ಹೇಳಿ ಗೆರೆ ಸರಿಸುವಂತೆ ಮಾಡಿದೆ. ಅದು ಪಕ್ಕದ ಚಿಕ್ಕತಾಯಮ್ಮನ ಮನೆಯನ್ನು ಒಳಗೆ ಹಾಕಿಕೊಂಡಿತು. ಅವಳು ಇಡ್ಲಿ ಮಾರಿ ಬದುಕುವವಳು.

ತನ್ನ ಒಲೆಗೆ ಸೀಲು ಬಿದ್ದ ಮರುದಿನ ಬೆಳಿಗ್ಗೆ ಹಿಟ್ಟಿನ ಪಾತ್ರೆ ಹೊತ್ತು ಬಂದಳು.

“ನಿಮ್ಮ ಒಲೇಲೇ ಬೇಯಿಸ್ಕತೀನಿ ಕನ್ರವ್ವ. ಗೆರೆಗೂ ನಿಮ್ಮನ್ನ ಕಂಡ್ರೆ ಮರ್ವಾದಿ ನೋಡಿ, ಬಳಸ್ಕಂಡು ನಮ್ಮನೆಗೆ ಬಂತು!” ಎಂದು ನಕ್ಕಳು.

ಮೊದಲು ಬೆಂದ ಇಡ್ಲಿಗಳಲ್ಲಿ ಮೆತ್ತಗಿದ್ದವನ್ನೇ ಆರಿಸಿ, ಹಲ್ಲಿಲ್ಲದ ನನಗೆಂದು ತಟ್ಟೆಗೆ ಹಾಕಿದಳು.

“ಚಿಕ್ಕತಾಯಿ, ಆ ಗೆರೆ...” ಎಂದೆ.

“ಅದ್ಯಾಕವ್ವ ಈಗ? ತಿನ್ನಿ, ಆರೋಯ್ತದೆ.”

ತಲೆ ತಗ್ಗಿಸಿ ತಿಂದೆ.