ಅರ್ಧ ಇಂಚು ಇಳಿದ ಭುಜ

ಹದಿನೇಳನೆಯ ಅಮ್ಮನನ್ನೂ ಮಗಳು ಅಳಿಸಿ ಹಾಕಿದಳು. ಒಂದು ಗುಂಡಿ ಒತ್ತಿದರೆ ಸಾಕು, ಕಂಪ್ಯೂಟರಿನ ಪರದೆ ಮತ್ತೆ ಹಾಲುಬಿಳುಪು. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದು ಹೊಟ್ಟೆ ಹೊರೆಯುವವಳು ಅವಳು. ಮೇಜಿನ ಮೇಲೆ ಸ್ಲೇಟಿನಂಥ ಕಪ್ಪು ಡ್ರಾಯಿಂಗ್ ಟ್ಯಾಬ್ಲೆಟ್; ಅದರ ಮೇಲೆ ಪೆನ್ನಾಡಿಸಿದರೆ ಗೆರೆ ಮೂಡುವುದು ಎದುರಿನ ಪರದೆಯಲ್ಲಿ. ಕನ್ನಡಕ ಹಾಕಿದ ಕರಡಿ ಬೇಕೆಂದರೆ ಕರಡಿ, ನೆಗಡಿಯಾದ ಆನೆ ಬೇಕೆಂದರೆ ಆನೆ, ಸಂಜೆಯೊಳಗೆ ಬರೆದು ಕಳಿಸಿಬಿಡುತ್ತಿದ್ದಳು. ಯಾರೂ ಕೇಳದೆ, ತನಗಾಗಿ ಅಂತ ಬರೆಯಲು ಕೂತ ಮೊದಲ ಚಿತ್ರ ಇದು. ಅದೇ ಕೈಗೆ ಹತ್ತುತ್ತಿರಲಿಲ್ಲ.

ಅಮ್ಮ ಹೋಗಿ ವರ್ಷವಾಗಿತ್ತು. ಫೋಟೋ ಎಂದರೆ ಮಾರುದೂರ ಓಡುತ್ತಿದ್ದ ಹೆಂಗಸು. ಉಳಿದದ್ದು ಗುರುತಿನ ಚೀಟಿಯದೊಂದೇ. ಅದರಲ್ಲೂ ಯಾರೋ ಗದರಿಸಿ ಕೂರಿಸಿದ ಹಾಗಿದ್ದಳು. ಅದನ್ನು ನೋಡಿ ಬರೆದರೆ ಇನ್ಯಾವಳೋ ಬಂದು ಕೂರುತ್ತಿದ್ದಳು. ನೋಡದೆ ಬರೆಯೋಣವೆಂದರೆ, ಮೂಗು ನೆನಪಾದಾಗ ಗಲ್ಲ ಮರೆತಿರುತ್ತಿತ್ತು. ಮಗಳಿಗೆ ಭಯವಾಗತೊಡಗಿದ್ದು ಅಲ್ಲೇ. ಚಿತ್ರ ಕೆಟ್ಟರೆ ಕೆಡಲಿ, ಅಮ್ಮನೇ ತಲೆಯಿಂದ ಜಾರಿಹೋಗುತ್ತಿದ್ದಾಳಲ್ಲ ಎಂದು.

ಹದಿನೆಂಟನೆಯ ಚಿತ್ರ ಕೊರಳಿಂದ ಕೆಳಗೆ ಇಳಿಯುವಷ್ಟರಲ್ಲಿ ಹಿಂದಿನಿಂದ ಮಾತು ಬಂತು.

"ಭುಜ ತಪ್ಪು."

ಅಪ್ಪ ನಿಂತಿದ್ದ. ಕೆಳಗಿನ ತನ್ನ ಟೈಲರ್ ಅಂಗಡಿಯಿಂದ ಚಹಾ ಕುಡಿಯಲು ಮೇಲೆ ಬಂದವನು. ಕೊರಳಲ್ಲಿ ಟೇಪು, ಕೈಯಲ್ಲಿ ಲೋಟ. ಅಮ್ಮ ಹೋದಂದಿನಿಂದ ಅವನು ಅವಳ ಮಾತೆತ್ತಿದವನಲ್ಲ. ಬೇರೆ ಯಾರಾದರೂ ಎತ್ತಿದರೆ "ದಾರ ತರಬೇಕು" ಎಂದು ಎದ್ದುಹೋಗುತ್ತಿದ್ದ. ಅಂಗಡಿಯಲ್ಲಿ ಈಗ ಮೊಮ್ಮಕ್ಕಳ ಕಾಲಕ್ಕೂ ಆಗುವಷ್ಟು ದಾರವಿತ್ತು.

"ಯಾವ ಭುಜ ಅಪ್ಪ?"

"ಎಡದ್ದು. ಅರ್ಧ ಇಂಚು ಇಳೀಬೇಕು. ನೀನು ಮೂರು ವರ್ಷ ಆದ್ರೂ ಅವಳ ಆ ಕಡೆ ಕಂಕುಳಿಂದ ಕೆಳಗಿಳೀಲಿಲ್ಲವಲ್ಲ, ಜಗ್ಗಿಹೋಗಿತ್ತು. ಏನೇ ಹೊಲಿದ್ರೂ ಒಳಗೊಂದು ತುಂಡು ಬಟ್ಟೆ ಇಟ್ಟು ಸಮ ಮಾಡ್ತಿದ್ದೆ. ಹೊರಗೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ."

ಆ ಭುಜದ ಮೇಲೆ ತಲೆಯಿಟ್ಟೇ ಬೆಳೆದ ಮಗಳಿಗೂ ಗೊತ್ತಾಗಿರಲಿಲ್ಲ. ಅವಳು ಪೆನ್ನನ್ನು ಅವನತ್ತ ಚಾಚಿದಳು. "ನೀನೇ ಹಾಕಿ ತೋರಿಸು."

"ನಂಗೆಲ್ಲಿ ಬರುತ್ತೆ ಇದೆಲ್ಲ" ಎನ್ನುತ್ತಲೇ ಅಪ್ಪ ಲೋಟ ಬದಿಗಿಟ್ಟು ಕೂತೇಬಿಟ್ಟ. ಅವನ ಕೈ ಪಳಗಲಿ ಎಂದು ಮಗಳು ಹೊಸ ಹಾಳೆ ತೆರೆದಳು. ಅಪ್ಪ ಪೆನ್ನನ್ನು ಬಟ್ಟೆಗೆ ಗೆರೆ ಹಾಕುವ ಸೀಮೆಸುಣ್ಣದ ಹಾಗೆ ಅಡ್ಡ ಹಿಡಿದ. ಎಡಗೈಯಲ್ಲಿ ಕಪ್ಪು ಹಲಗೆಯನ್ನು ಸವರಿ, ಇಲ್ಲದ ಸುಕ್ಕು ಬಿಡಿಸಿದ.

"ಹಲಗೆ ನೋಡಬೇಡ ಅಪ್ಪ, ಅಲ್ಲೇನೂ ಕಾಣಲ್ಲ. ಕೈ ಇಲ್ಲಿರಬೇಕು, ಕಣ್ಣು ಆ ಪರದೆ ಮೇಲಿರಬೇಕು."

"ಕೈಯೊಂದು ಕಡೆ ಕಣ್ಣೊಂದು ಕಡೆ ಇಟ್ಟಿದ್ರೆ ನಾನು ಜನಕ್ಕೆ ಮೂರು ತೋಳಿನ ಅಂಗಿ ಹೊಲೀತಿದ್ದೆ" ಎಂದು ಅಪ್ಪ ಹಲಗೆಯ ಮೇಲೇ ಬಗ್ಗಿದ.

ಪರದೆಯ ಮೇಲೆ ಗೆರೆ ಎದ್ದಿತು. ತುರುಬಿನ ಕೆಳಗಿಂದ ಹೊರಟು, ಕತ್ತಿನ ಹಿಂಬದಿಯಲ್ಲಿ ಇಳಿದು, ಎಡಭುಜಕ್ಕೆ ಬಂದು ಅಲ್ಲಿ ಕೊಂಚ ಸೋತು, ತೋಳಿನತ್ತ ಹೊರಳಿತು. ಅಪ್ಪ ತಲೆಯೆತ್ತಲಿಲ್ಲ. ತಡವರಿಸಲಿಲ್ಲ, ತಿದ್ದಲಿಲ್ಲ. ಅವನು ಒತ್ತಿದಲ್ಲಿ ಗೆರೆ ದಪ್ಪವಾಯಿತು, ಸಡಿಲ ಬಿಟ್ಟಲ್ಲಿ ಕೂದಲೆಳೆಯಾಯಿತು. ಸೊಂಟದ ಹತ್ತಿರ ಒಂದು ತಿರುವು. ಆಮೇಲೆ ಬಲಗಡೆಯ ಮೊಣಕೈ, ಯಾವುದೋ ಕಿಟಕಿಯ ಕಟ್ಟೆಗೆ ಊರಿದಂತೆ. ಹತ್ತು ವರ್ಷ ಇದೇ ಕೆಲಸದಲ್ಲಿ ಸವೆದವಳು ಪರದೆಯ ಹತ್ತಿರಕ್ಕೆ ಬಗ್ಗಿದಳು. ತಾನು ಎಳೆದದ್ದು ತನಗೇ ಕಾಣದೆ ಹೀಗೆ ಗೆರೆ ಎಳೆಯುವವರನ್ನು ಅವಳು ಕಂಡಿರಲಿಲ್ಲ, ಕೇಳಿಯೂ ಇರಲಿಲ್ಲ. ಪರದೆಯಲ್ಲಿ ಅಮ್ಮ ಆಚೆ ತಿರುಗಿ ನಿಂತಿದ್ದಳು. ಇನ್ಯಾವಳೋ ಅಲ್ಲ, ಅಮ್ಮನೇ. ಕರೆದರೆ "ಏನೇ?" ಅಂದುಬಿಡುವಷ್ಟು ಹತ್ತಿರದಲ್ಲಿ.

ಅಪ್ಪ ಪೆನ್ನೆತ್ತಿ, ಸೀಮೆಸುಣ್ಣದ ಪುಡಿ ಹಾರಿಸುವ ಅಭ್ಯಾಸದಲ್ಲಿ ಹಲಗೆಯ ಮೇಲೆ ಉಫ್ ಎಂದು ಊದಿದ. ಹಲಗೆ ಮೊದಲಿನಷ್ಟೇ ಕಪ್ಪಗಿತ್ತು.

"ಏನೂ ಬಿದ್ದೇ ಇಲ್ಲ ಕಣೆ. ಇದರ ಇಂಕು ಮುಗಿದಿದೆಯಾ ನೋಡು."

ಮಗಳು ಅವನ ಗಲ್ಲ ಹಿಡಿದು ಮುಖವನ್ನು ಪರದೆಯತ್ತ ಎತ್ತಿದಳು.

ಅಪ್ಪ ನೋಡಿದ. ಕೊರಳಿನ ಟೇಪಿನ ಎರಡೂ ತುದಿ ಹಿಡಿದುಕೊಂಡು ನೋಡಿದ. ಈಗ ದಾರ ತರಲು ಏಳುತ್ತಾನೆ ಎಂದು ಮಗಳು ಕಾದಳು. ಅವನು ಏಳಲಿಲ್ಲ. ಬದಿಯಲ್ಲಿದ್ದ ಚಹಾ ತಣ್ಣಗಾಗಿ ಕೆನೆಗಟ್ಟಿತು.

"ಅಪ್ಪ," ಎಂದಳು ಕೊನೆಗೆ, ಮೆಲ್ಲಗೆ, "ಮುಖಾನೂ ನೀನೇ ಬರಿ."

"ಅದು ನನ್ನ ಕೈಲಾಗಲ್ಲಮ್ಮ" ಎಂದ ಅಪ್ಪ, ಪರದೆಯಿಂದ ಕಣ್ಣು ಕೀಳದೆ. "ನಲವತ್ತು ವರ್ಷ ಊರಿನವರದ್ದೆಲ್ಲ ಅಳತೆ ತಗೊಂಡೆ, ಯಾರ ಮುಖ ನೋಡಿದ್ರೂ ಟೇಪು ತಪ್ಪಲಿಲ್ಲ. ಇವಳ ಮುಖ ನೋಡಿದ್ರೆ ಮಾತ್ರ ಇಂಚೆಲ್ಲ ಮರೆತುಹೋಗೋದು. ಅದಕ್ಕೇ ಇವಳದ್ದು ಯಾವಾಗ್ಲೂ ಹಿಂದೆ ನಿಂತೇ ತಗೊಳ್ತಿದ್ದೆ."