ಕರಿಬಸವಯ್ಯ ಕೊಡದ ಮಾಫಿ

"ಆಗಲ್ಲ," ಎಂದರು ಕರಿಬಸವಯ್ಯ. "ನಾನು ಮಾಫ್ ಮಾಡಲ್ಲ ರಹಿಮಮ್ಮ."

ಕೈ ಜೋಡಿಸಿ ನಿಂತಿದ್ದ ರಹಿಮಾ ಬೀಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಹಜ್ ಯಾತ್ರೆಗೆ ಹೊರಟವರು ಒಡನಾಟ ಇದ್ದವರನ್ನೆಲ್ಲ ಕಂಡು, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಮಾಫಿ ಕೇಳಿಕೊಂಡು ಹೋಗುವುದು ಮೊದಲಿನಿಂದ ನಡೆದು ಬಂದದ್ದು. ಬೆಳಗಿನಿಂದ ಅವಳು ಗುಬ್ಬಿಯ ಅರ್ಧ ಊರು ಸುತ್ತಿದ್ದಳು. ಬೀದಿ ನಲ್ಲಿಯ ಹತ್ತಿರ ಕೊಡ ಹಿಡಿದು ವರ್ಷಗಟ್ಟಲೆ ಜಗಳವಾಡಿದ್ದ ಗಿರಿಯಮ್ಮ ಕೂಡ ತಬ್ಬಿಕೊಂಡು ಅತ್ತಿದ್ದಳು. ಬಸ್ ಸ್ಟ್ಯಾಂಡಿನ ಎದುರಿನ ಈ ಮೆಡಿಕಲ್ ಸ್ಟೋರಿನವರು ಮಾತ್ರ ತಲೆ ಅಲ್ಲಾಡಿಸುತ್ತಿದ್ದಾರೆ! ತುಮಕೂರಿನ ಡಾಕ್ಟರು ಸಕ್ಕರೆ ಕಾಯಿಲೆಗೆ ಬರೆದುಕೊಟ್ಟ ಇನ್ಸುಲಿನ್ ಸೂಜಿಯನ್ನು ದಿನವೂ ಅವಳಿಗೆ ಹಾಕುತ್ತಿದ್ದವರು ಅವರೇ. ಒಡಹುಟ್ಟಿದ ಅಣ್ಣನ ಹಾಗೆ ಗದರುತ್ತಿದ್ದವರೂ ಅವರೇ.

"ತಮಾಷೆ ಮಾಡ್ಬೇಡಿ ಅಣ್ಣ. ನಾಳಿದ್ದು ಬೊಂಬಾಯಿಗೆ ರೈಲು ಹತ್ತಬೇಕು, ಅಲ್ಲಿಂದ ಹಡಗು. ಒಬ್ಬರ ಮನಸ್ಸು ನೋಯಿಸಿ ಹೋದ್ರೆ ನನ್ನ ಹಜ್ ಅಲ್ಲಾಗೆ ಕಬೂಲ್ ಆಗಲ್ಲ."

"ಕಾಲರಾ ಸೂಜಿ ಹಾಕಿಸ್ಕೊಂಡ್ರಾ?"

"ತುಮಕೂರಲ್ಲೇ ಹಾಕಿದ್ರು. ಸರ್ಟಿಫಿಕೇಟೂ ಕೊಟ್ರು."

"ಮತ್ತೆ ಇನ್ಸುಲಿನ್ನು? ದಾರಿಗೆ ಅಂತ ಯಾರೂ ಬಂದು ತಗೊಂಡೇ ಹೋಗಿಲ್ಲ."

ರಹಿಮಾ ಬೀ ಸೆರಗು ಸರಿಮಾಡಿಕೊಂಡಳು. "ಹಡಗಲ್ಲಿ ಯಾರು ಹಾಕ್ತಾರೆ? ಜೊತೆಗೆ ಬರೋನು ನನ್ನ ತಮ್ಮ ರಹಮತ್. ಸೂಜಿ ಕಂಡ್ರೆ ನನಗಿಂತ ಮೊದ್ಲು ಅವನೇ ಬಿದ್ದೋಗ್ತಾನೆ."

"ನಿಮಗೆ ಕೈ ಇಲ್ವಾ?"

"ಔಷಧಿ ತಣ್ಣಗಿರ್ಬೇಕು ಅಂತ ನೀವೇ ಹೇಳ್ತೀರಿ. ಅಲ್ಲಿ ಬಿಸಿಲು ಬೆಂಕಿ ಬೆಂಕಿಯಂತೆ."

"ಒಂದು ದೊಡ್ಡ ಮಣ್ಣಿನ ಕುಡಿಕೆ, ಅದರೊಳಗೆ ಒಂದು ಸಣ್ಣದು. ಮಧ್ಯೆ ಮರಳು ತುಂಬಿ ನೀರು ಚಿಮುಕಿಸ್ತಾ ಇರಿ, ಮೇಲೆ ಒದ್ದೆ ಬಟ್ಟೆ ಮುಚ್ಚಿ. ತಣ್ಣಗಿರುತ್ತೆ. ಹಡಗಲ್ಲಿ ಯಾರಾದ್ರೂ ಐಸಲ್ಲಿ ಹೂತಿಡ್ತೀವಿ ಅಂದ್ರೆ ಮಾತ್ರ ಕೊಡ್ಬೇಡಿ. ಹೆಪ್ಪುಗಟ್ಟಿದ್ರೆ ಕೆಟ್ಟೋಯ್ತದೆ."

"ಹಜ್ಜಿನ ದೀಕ್ಷೆ, ಇಹ್ರಾಮ್ ಕಟ್ಟಿದ ಮೇಲೆ ವಾಸನೆ ಪದಾರ್ಥ ಮೈಗೆ ಸೋಕಬಾರ್ದು. ನಿಮ್ಮ ಆ ಸ್ಪಿರಿಟ್ಟು..."

"ಸ್ಪಿರಿಟ್ ಬ್ಯಾಡ. ಕುದಿಸಿ ಆರಿಸಿದ ನೀರಲ್ಲಿ ತೊಳ್ಕೊಳ್ಳಿ. ಇನ್ನೂ ಏನಾದ್ರೂ ನೆವ ಇದ್ಯಾ?"

ಇತ್ತು. ಅದನ್ನು ಮಗ ಸೊಸೆಯ ಮುಂದೆ ಅವಳು ಬಾಯಿ ಬಿಟ್ಟಿರಲಿಲ್ಲ.

"ಹಜ್ಜಿನ ಆ ಪಾಕ್ ಮಣ್ಣಲ್ಲಿ ಕಣ್ಣು ಮುಚ್ಚೋದು ಅಂದ್ರೆ ಎಂಥಾ ನಸೀಬು ಗೊತ್ತಾ ಅಣ್ಣ?" ಎಂದಳು ಮೆಲ್ಲಗೆ. "ಹೆಣಕ್ಕೆ ಹೊದಿಸೋ ಕಫನ್ ಬಟ್ಟೆ ಟ್ರಂಕಲ್ಲಿ ಮಡಿಸಿ ಇಟ್ಕೊಂಡಿದೀನಿ. ಬದುಕಿದ್ದು ಸಾಕು. ಸೂಜಿ ಬಿಟ್ರೆ ಅಲ್ಲಾ ಕರ್ಕೊಳ್ಳೋದೂ ಸಲೀಸು."

ಕರಿಬಸವಯ್ಯ ತಲೆನೋವಿನ ಮಾತ್ರೆಗೆ ಬಂದಿದ್ದ ಒಬ್ಬರಿಗೆ ಮಾತ್ರೆ ಕೊಟ್ಟು ಕಳಿಸಿದರು. ಆಮೇಲೆ ಗೋಡೆಯ ಪಕ್ಕದ ಬೆಂಚಿನ ಕಡೆ ಬೆರಳು ಮಾಡಿದರು.

"ಈ ರಂಜಾನಿನಲ್ಲಿ ಒಂದು ದಿನ, ಉಪವಾಸ ಇಲ್ಲ, ತಿಂದೇ ಬಂದಿದೀನಿ ಅಂದ್ರಿ. ನಾನು ನಂಬಿ ಸೂಜಿ ಹಾಕ್ದೆ. ಖಾಲಿ ಹೊಟ್ಟೆಗೆ ಇನ್ಸುಲಿನ್ ಬಿದ್ದು ಅಲ್ಲಿ ಕೂತಂಗೇ ಬೆವತು ಬಿದ್ರಿ. ಕೆನ್ನೆ ಒಳಗೆ ಸಕ್ಕರೆ ತಿಕ್ಕಿ ತಿಕ್ಕಿ ನಿಮ್ಮನ್ನ ಎಬ್ಬಿಸ್ದೆ. ಒಂದು ಲೋಟ ಚಾ ಕುಡಿದು ನೀವು ಮನೆಗೆ ಹೋದ್ರಿ. ನಾನು? ತಂಗಿ ಅಂತಿದ್ದೋಳನ್ನ ಕೈಯಾರೆ ಕೊಂದುಬಿಡ್ತಿದ್ನಲ್ಲ ಅಂತ ಎಷ್ಟೋ ದಿನ ಸಿರಿಂಜ್ ಹಿಡಿಯೋಕೇ ಹೆದರ್ತಿದ್ದೆ. ಒಂದು ಮಾತು ಕೇಳಿದ್ರಾ ನೀವು? ಅದಕ್ಕೆ ಮಾಫಿ ಬೇಕು ಅಂದ್ರೆ ತಿರುಗಿ ಬಂದು ಕೇಳಿ. ಆಗ ನೋಡೋಣ."

ರಹಿಮಾ ಬೀ ಮಾಫಿ ಎಂದು ಬೆಳಗಿನಿಂದ ಎಲ್ಲರ ಮುಂದೆ ಕೈ ಮುಗಿದಿದ್ದಳು. ನಿಜವಾಗಿ ನೊಂದವರು ಒಬ್ಬರು ಇದ್ದಾರೆ, ದಿನವೂ ಮುಖ ನೋಡಿಯೂ ತನಗೆ ಅದು ಗೊತ್ತಾಗಲಿಲ್ಲ. ಅವಳು ಅದೇ ಬೆಂಚಿನ ಮೇಲೆ ಕುಳಿತು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಕರಿಬಸವಯ್ಯ ಅಳು ನಿಲ್ಲಿಸಲು ಹೋಗಲಿಲ್ಲ. ಸ್ಟೋವ್ ಹಚ್ಚಿ ಗಾಜಿನ ಸಿರಿಂಜನ್ನು ಕುದಿಯಲು ಇಟ್ಟರು.

"ಏನಾಗ್ಬೇಕು ಈಗ?" ಎಂದಳು ಕೊನೆಗೆ.

ಮನೆಗೆಂದು ತಂದಿಟ್ಟಿದ್ದ ತರಕಾರಿ ಚೀಲದಿಂದ ಅವರು ಒಂದು ಗುಂಡು ಬದನೆಕಾಯಿ ತೆಗೆದು ಅವಳ ಕೈಗಿಟ್ಟರು. "ಮೊದ್ಲು ಇದಕ್ಕೆ ಚುಚ್ಚಿ. ಬರೀ ನೀರು."

"ಮನೇಲಿ ಅತ್ತಿಗೆ ಇದನ್ನ ಹುಳಿಗೆ ಹಾಕಲ್ವಾ?"

"ಹಾಕ್ಲಿ. ಅವಳ ಹುಳಿ ಯಾವಾಗ್ಲೂ ನೀರೇ."

ಕಣ್ಣೀರಿನ ಮಧ್ಯೆಯೇ ರಹಿಮಾ ಬೀಗೆ ನಗು ಬಂತು. ಮೊದಲ ಸಲ ಸೂಜಿ ಜಾರಿ ಬೆರಳಿಗೆ ತಾಗಿತು. ಮತ್ತೊಮ್ಮೆ ಚುಚ್ಚಿದಳು, ಮತ್ತೂ ಒಮ್ಮೆ. ಗಾಳಿಗುಳ್ಳೆ ಹೇಗೆ ಹೊರಹಾಕಬೇಕು, ಗೆರೆ ಎಲ್ಲಿಯವರೆಗೆ ಬರಬೇಕು ಎಂದು ಅವರು ತೋರಿಸುತ್ತ ಹೋದರು. ಬೆವರಿ ಕೈ ನಡುಗಿದರೆ ಬಾಯಿಗೆ ಹಾಕಿಕೊಳ್ಳಲು ಚೀಲದಲ್ಲಿ ಬೆಲ್ಲ ಇರಲಿ, ನಡೆದು ಬಂದ ಮೇಲೆ ಪಾದದಲ್ಲಿ ಗಾಯ ಆಗಿದೆಯೇ ಎಂದು ದಿನವೂ ನೋಡಿಕೊಳ್ಳಿ ಎಂದರು. ಕೊನೆಗೆ ಸಿರಿಂಜನ್ನು ಮತ್ತೆ ಕುದಿಸಿ ಆರಿಸಿ, ಅದರಲ್ಲಿ ಇನ್ಸುಲಿನ್ ಎಳೆದುಕೊಳ್ಳಲು ಅವಳಿಗೇ ಕೊಟ್ಟರು.

"ತಿಂದು ಬಂದಿದೀರಾ? ನಿಜ ಹೇಳಿ."

"ಗಿರಿಯಮ್ಮ ಉಪ್ಪಿಟ್ಟು ತಿನ್ನಿಸಿದ್ಲು. ಅಲ್ಲಾನ ಆಣೆ."

ಔಷಧಿ ಡಬ್ಬಗಳ ಹಿಂದಿನ ಪರದೆಯ ಮರೆಗೆ ಹೋಗಿ, ತುಟಿ ಕಚ್ಚಿ, ಬಿಸ್ಮಿಲ್ಲಾ ಎಂದು ಅವಳು ಮೊದಲ ಬಾರಿಗೆ ತನ್ನ ತೊಡೆಗೆ ತಾನೇ ಸೂಜಿ ಹಾಕಿಕೊಂಡಳು. ಹೊರಗೆ ಬಂದು ಅವರ ಮುಖ ನೋಡಿದಳು.

"ಈಗಲಾದ್ರೂ?"

"ಊಹೂಂ," ಎಂದರು ಕರಿಬಸವಯ್ಯ, ಔಷಧಿ ಬಾಟಲಿಗಳನ್ನೂ ಸಿರಿಂಜನ್ನೂ ಹತ್ತಿಯಲ್ಲಿ ಸುತ್ತಿ ಅವಳ ಚೀಲದಲ್ಲಿಡುತ್ತ.

ಬೀದಿಯಲ್ಲಿ ನಿಂತಿದ್ದ ಜಟಕಾದಲ್ಲಿ ಸೊಸೆ ಮೆಹತಾಬ್ ಕಾಯುತ್ತಿದ್ದಳು. ಅತ್ತೆಯ ಕೆಂಪಾದ ಕಣ್ಣು ಕಂಡು, ಏನೂ ಕೇಳದೆ ಕೈ ಹಿಡಿದು ಹತ್ತಿಸಿಕೊಂಡಳು.

"ಕುಂಬಾರರ ಬೀದಿ ಕಡೆ ಬಿಡಪ್ಪ," ಎಂದಳು ರಹಿಮಾ ಬೀ ಗಾಡಿಯವನಿಗೆ.

"ಅಲ್ಯಾರಿದಾರೆ ಅಮ್ಮಿ? ಎಲ್ಲರ ಹತ್ರಾನೂ ಕೇಳಿ ಆಯ್ತಲ್ಲ. ಇನ್ಯಾರ ಮಾಫಿ ಬಾಕಿ?"

"ಅಲ್ಲಿ ಎರಡು ಕುಡಿಕೆ ತಗೋಬೇಕು. ಮಾಫಿ ಒಬ್ಬರದು ಐತೆ ಕಣೇ," ಎಂದಳು ರಹಿಮಾ ಬೀ. "ತಿರುಗಿ ಬಂದು ಇಸ್ಕೋತೀನಿ."